ಗ್ರಿಲ್ ಹಿಂದಿನ ಗಾಜು: ಕೋಲು ಕೊಳ್ಳೋ ಮುಂಚೆ ಟೇಪು ಹಿಡೀರಿ

ಇವತ್ತು ಕಿಟಕಿ ಒರೆಸೋದರ ಬಗ್ಗೆ ಮಾತಾಡೋಣ. ನಗಬೇಡಿ. ಇಯರ್‌ಫೋನ್ ಹಾಕ್ಕೊಂಡು ಈಗ ಮನೇಲೇ ಇದ್ದರೆ ಒಮ್ಮೆ ಕಿಟಕಿ ಕಡೆ ತಿರುಗಿ ನೋಡಿ. ಗಾಜಿನ ಒಳಮೈ ಫಳಫಳ ಅಂತಿರುತ್ತೆ. ಹೊರಮೈ ಮೇಲೆ ಕಳೆದ ಮಳೆಗಾಲದ ಧೂಳಿನ ಗೆರೆಗಳು ಹಾಗೇ ಕೂತಿರುತ್ತವೆ. ಮಧ್ಯೆ ಗ್ರಿಲ್ಲೋ ರೇಲಿಂಗೋ ಅಡ್ಡ, ಕೈ ಹೋಗಲ್ಲ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ, ಆಯುಧಪೂಜೆ ಹಿಂದಿನ ದಿನ. ಎದುರಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಮನೆಗೆಲಸದ ಹೆಂಗಸೊಬ್ಬರು ರೇಲಿಂಗ್ ದಾಟಿ, ಹೊರಗಿನ ಅಂಚಿನ ಮೇಲೆ ಪಾದ ಇಟ್ಟು, ಎಡಗೈಯಲ್ಲಿ ಸರಳು ಹಿಡ್ಕೊಂಡು ಬಲಗೈಯಲ್ಲಿ ಪಕ್ಕದ ಕಿಟಕಿಯ ಗಾಜು ಒರೆಸ್ತಿದ್ದರು. ಒಳಗೆ ನಿಂತಿದ್ದವರು ಇನ್ನೂ ಸ್ವಲ್ಪ ಮೇಲೆ ಅಂತ ಕೈ ತೋರಿಸ್ತಿದ್ದರು. ನಾನು ಕೂಗಲಿಲ್ಲ. ಕೂಗಿದರೆ ಗಾಬರಿಯಾಗಿ ಕೈ ಬಿಟ್ಟರೆ ಅನ್ನೋ ಭಯ. ಅವರು ವಾಪಸ್ ಒಳಗೆ ಇಳಿಯೋವರೆಗೆ ಅಲ್ಲಾಡದೆ ನಿಂತಿದ್ದೆ. ಕಾಫಿ ಆರಿಹೋಗಿತ್ತು.

ಎದುರು ಮನೆಯವರನ್ನ ಮನಸ್ಸಿನಲ್ಲೇ ಬೈದು ಮುಗಿಸಿದ ಮೇಲೆ ಒಂದು ಅನುಮಾನ ಬಂತು. ನಮ್ಮನೆ ಗಾಜು? ಮರುದಿನ ನಮ್ಮನೆ ಕೆಲಸಕ್ಕೆ ಬರೋ ಅಕ್ಕನನ್ನ ಕೇಳಿದೆ, ಆ ಹೊರಗಡೆ ಹೇಗೆ ಒರೆಸ್ತೀರಾ ಅಂತ. ಸ್ಟೂಲ್ ಹಾಕ್ಕೊಂಡು ರೇಲಿಂಗ್ ಮೇಲೆ ಬಗ್ತೀನಿ ಅಂದ್ರು, ತುಂಬ ಸಾಮಾನ್ಯ ಸಂಗತಿ ಅನ್ನೋ ಹಾಗೆ. ನಾನು ಒಂದು ದಿನಾನೂ ನೋಡಿರಲಿಲ್ಲ.

ಹಾಗಾಗಿ ನನ್ನ ನಿಯಮ ಈಗ ಒಂದೇ. ಎರಡೂ ಪಾದ ನೆಲದ ಮೇಲೆ, ಸೊಂಟ ರೇಲಿಂಗಿನ ಈಚೆ. ಹೀಗೆ ನಿಂತು ಬಳಸೋಕೆ ಆಗದ ಸಾಮಾನು ಎಷ್ಟೇ ಚೆನ್ನಾಗಿರಲಿ, ನಮ್ಮನೆಗೆ ಅಲ್ಲ.

ಆನ್‌ಲೈನಲ್ಲಿ ಹುಡುಕಿದರೆ ನೂರಾರು ಸಾಮಾನು ಬರ್ತವೆ. ಫೋಟೋದಲ್ಲಿರೋ ಕಿಟಕಿಗಳಿಗೆ ಗ್ರಿಲ್ಲೇ ಇರಲ್ಲ, ಅದೇ ತಮಾಷೆ. ನಮ್ಮ ಕಿಟಕಿಗೆ ಏನು ಬೇಕು ಅಂತ ಹೇಳೋದು ಟೇಪು. ಸರಳಿಂದ ಸರಳಿಗೆ ಎಷ್ಟು ಜಾಗ, ಗಾಜಿಗೂ ಗ್ರಿಲ್ಲಿಗೂ ನಡುವೆ ಎಷ್ಟು, ಗಾಜಿನ ಅಗಲ ಎಷ್ಟು, ಇಷ್ಟು ಬರ್ಕೊಳ್ಳಿ. ಗ್ರಿಲ್ ಗಾಜಿನ ಹೊರಗಿದೆಯೋ ಒಳಗಿದೆಯೋ ಅನ್ನೋದನ್ನೂ ನೋಡಿ. ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಬಾಗಿಲು ಹೊರಕ್ಕೆ ತೆರೆಯುತ್ತೆ, ಗ್ರಿಲ್ ಒಳಗೆ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಸ್ಲೈಡಿಂಗ್ ಕಿಟಕಿ, ಕಟ್ಟಡದ ಮುಖ ಒಂದೇ ಥರ ಕಾಣಬೇಕು ಅಂತ ಅಲ್ಲೂ ಎಷ್ಟೋ ಕಡೆ ಗ್ರಿಲ್ ಒಳಗೇ.

ಗ್ರಿಲ್ ಹೊರಗಿದ್ದರೆ ಕೆಲಸ ಸುಲಭ. ಒಂದು ಬಾಗಿಲು ಸರಿಸಿ, ಗಾಜಿಗೂ ಗ್ರಿಲ್ಲಿಗೂ ನಡುವಿನ ಸಂದಿಗೆ ತೆಳ್ಳನೆ ಚಪ್ಪಟೆ ಪ್ಯಾಡಿನ ಒರೆಸೋ ಕೋಲು ಹಾಕಿದರೆ ಆಯ್ತು. ದಪ್ಪ ಸ್ಪಂಜಿನದು ಸಂದಿಯಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ.

ಸ್ಲೈಡಿಂಗ್ ಕಿಟಕಿಗೆ ಗ್ರಿಲ್ ಒಳಗಿದ್ದಾಗಲೇ ಒದ್ದಾಟ. ಕೈ ಸರಳು ದಾಟಿ, ತೆರೆದ ಅರ್ಧದಿಂದ ಹೊರಗೆ ಹೋಗಿ, ಪಕ್ಕಕ್ಕೆ ತಿರುಗಿ, ಇನ್ನೊಂದು ಗಾಜನ್ನ ಹೊರಗಿನಿಂದ ನಮ್ಮ ಕಡೆಗೇ ಎಳೆದು ಒರೆಸಬೇಕು. ಇದಕ್ಕೆ ಉದ್ದ ಕೋಲು ಬೇಡವೇ ಬೇಡ. ನಾಲ್ಕು ಅಡಿ ಕಿಟಕಿ ಅಂದ್ರೆ ಒಂದೊಂದು ಬಾಗಿಲು ಸುಮಾರು ಎರಡು ಅಡಿ. ಒಂದೂವರೆ ಅಡಿ ಹಿಡಿಕೆ, ತುದಿಯಲ್ಲಿ ತಿರುಗಿ ಲಾಕ್ ಆಗೋ ಪ್ಯಾಡ್, ಅಷ್ಟು ಸಾಕು. ಪ್ಯಾಡ್ ಹತ್ತು ಇಂಚು ಇದ್ದು ಸರಳಿನ ಸಂದಿ ನಾಲ್ಕೇ ಇಂಚು ಇದ್ದರೂ ಚಿಂತೆಯಿಲ್ಲ. ಸರಳು ಉದ್ದುದ್ದ ಇದ್ದರೆ ಪ್ಯಾಡನ್ನೂ ಉದ್ದಕ್ಕೆ ಹಿಡಿದು ತೂರಿಸಿ, ಹೊರಗೆ ಹೋದ ಮೇಲೆ ತಿರುಗಿಸಿ. ಹಿಡಿಕೆಯ ತುದಿಗೆ ತೂತು ಇರೋದನ್ನೇ ಕೊಳ್ಳಿ. ಅದಕ್ಕೊಂದು ದಾರ ಕಟ್ಟಿ ಇನ್ನೊಂದು ತುದಿ ಗ್ರಿಲ್ಲಿಗೆ. ಒದ್ದೆ ಕೈಯಿಂದ ಜಾರಿದ ಕೋಲು ಕೆಳಗೆ ಯಾರ ತಲೆ ಮೇಲೆ ಬೀಳುತ್ತೋ.

ಈಗ ನನಗೆ ತಿಂಗಳುಗಟ್ಟಲೆ ಹೊಳೆಯದೇ ಇದ್ದ ಒಂದು ವಿಷಯ. ಎರಡು ಹಳಿಯ ಕಿಟಕಿಯಲ್ಲಿ ಹೊರಹಳಿಯ ಬಾಗಿಲಿನ ಹೊರಮೈ ಸುಲಭವಾಗಿ ಸಿಗುತ್ತೆ. ಒಳಹಳಿಯದು ಸಿಗಲ್ಲ, ಅದನ್ನ ಪೂರ್ತಿ ಸರಿಸಿದರೆ ಹೊರಬಾಗಿಲಿನ ಹಿಂದೆ ಅಡಗಿಬಿಡುತ್ತೆ. ಉಪಾಯ ಏನಂದ್ರೆ, ಒಳಬಾಗಿಲನ್ನ ಸರಿಯಾಗಿ ಮಧ್ಯಕ್ಕೆ ತಂದು ನಿಲ್ಲಿಸಿ. ಹೊರಬಾಗಿಲನ್ನ ಪೂರ್ತಿ ಎಡಕ್ಕೆ ತಳ್ಳಿ. ಬಲಗಡೆ ಒಂದಡಿ ಸಂದಿ ಸಿಗುತ್ತೆ, ಅಲ್ಲಿಂದ ಒಳಬಾಗಿಲಿನ ಬಲ ಅರ್ಧ ಒರೆಸಿ. ಆಮೇಲೆ ಹೊರಬಾಗಿಲನ್ನ ಬಲಕ್ಕೆ ತಳ್ಳಿ, ಎಡಗಡೆಯಿಂದ ಉಳಿದರ್ಧ. ಕಂತಿನಲ್ಲಿ ಸಾಲ ತೀರಿಸಿದ ಹಾಗೆ. ಇದು ಗೊತ್ತಿಲ್ಲದೇ ನಾನು ಒಂದು ಮೀಟರ್ ಕೋಲು ತಂದಿದ್ದೆ, ಅದು ಈಗ ಜೇಡರಬಲೆ ತೆಗೆಯೋಕೆ ಇದೆ. ಇನ್ನೊಂದು, ಬಾಗಿಲನ್ನ ಎತ್ತಿ ಹಳಿಯಿಂದ ಬಿಡಿಸೋ ವಿಡಿಯೋಗಳಿವೆ. ಗ್ರಿಲ್ ಒಳಗಿದ್ದರೆ ಬಾಗಿಲು ಒಳಗೆ ಬರೋಕೆ ದಾರಿಯೇ ಇಲ್ಲ, ಬಿಡಿಸಿದರೆ ಅದು ಹೊರಗೇ ಹೋಗೋದು. ಆ ಪ್ರಯೋಗ ಬೇಡ.

ನೀರು ಎಳೆಯೋಕೆ ರಬ್ಬರ್ ಸ್ಕ್ವೀಜಿ, ಅಂದ್ರೆ ನಾವು ವೈಪರ್ ಅನ್ನೋದರ ತಮ್ಮ. ಎತ್ತೊರೆ ಸ್ಟೆಕೋನೆ ಅಂತ, ಇಟಲಿಯಿಂದ ಅಮೆರಿಕದ ಓಕ್‌ಲ್ಯಾಂಡಿಗೆ ಹೋಗಿದ್ದ ಕಿಟಕಿ ಒರೆಸೋ ಕೆಲಸಗಾರ, 1936ರಲ್ಲಿ ಒಂದೇ ರಬ್ಬರಿನ ಹಗುರ ಹಿತ್ತಾಳೆ ಸ್ಕ್ವೀಜಿಗೆ ಪೇಟೆಂಟ್ ತಗೊಂಡ. ಇವತ್ತಿನವು ಹೆಚ್ಚುಕಮ್ಮಿ ಅದೇ. ಆದರೆ ಸ್ಕ್ವೀಜಿಗೆ ಒಂದೇ ಒತ್ತಡದಲ್ಲಿ ಮೇಲಿಂದ ಕೆಳಗೆ ಎಳೆಯೋಕೆ ಜಾಗ ಬೇಕು. ಗ್ರಿಲ್ ಸಂದಿಯಿಂದ ಕೈ ಹಾಕಿ ಎಳೆದರೆ ಗೆರೆ ಗೆರೆ ಉಳಿಯುತ್ತೆ. ಬಾಲ್ಕನಿ ಒಳಗೆ ನಿಂತು ಒರೆಸೋ ದೊಡ್ಡ ಗಾಜಿನ ಬಾಗಿಲಿಗೆ ಸ್ಕ್ವೀಜಿ, ಗ್ರಿಲ್ ಹಿಂದಿನದಕ್ಕೆ ಮೈಕ್ರೋಫೈಬರ್, ಇದು ನನ್ನ ಲೆಕ್ಕ. ಎರಡು ಬಟ್ಟೆ ಇಟ್ಕೊಳ್ಳಿ, ಒಂದು ಒದ್ದೆ, ಒಂದು ಒಣ. ಒಣ ಧೂಳನ್ನ ಮೊದಲು ಮೆತ್ತನೆ ಬ್ರಷ್ಷಿನಿಂದ ಉದುರಿಸಿ, ಇಲ್ಲಾಂದ್ರೆ ಮರಳಿನ ಕಣ ಗಾಜು ಗೀರುತ್ತೆ. ಪಾರಿವಾಳದ ಹಿಕ್ಕೆ ಇದ್ದರೆ ಮಾತ್ರ ಉಲ್ಟಾ. ಒಣಗಿದ್ದನ್ನ ಕೆರೆದರೆ ಆ ಪುಡಿ ಶ್ವಾಸಕೋಶಕ್ಕೆ ಹೋಗುತ್ತೆ. ಮಾಸ್ಕ್ ಹಾಕಿ, ಚೆನ್ನಾಗಿ ನೆನೆಸಿ, ಆಮೇಲೆ ತೆಗೀರಿ.

ಬೋರ್‌ವೆಲ್ ನೀರಿನ ಬಿಳಿ ಕಲೆ ಇದೆಯಲ್ಲ, ಅದು ಮುಖ್ಯವಾಗಿ ಕ್ಯಾಲ್ಸಿಯಂ. ಗಾಜಿನ ಸ್ಪ್ರೇಗೆ ಸುಲಭಕ್ಕೆ ಹೋಗಲ್ಲ, ವಿನೆಗರ್‌ಗೆ ಕರಗುತ್ತೆ. ಕೆಳಗಿನ ಕಟ್ಟೆ ಮಾರ್ಬಲ್ ಆಗಿದ್ದರೆ ಹುಷಾರು, ಅದೂ ಕ್ಯಾಲ್ಸಿಯಮ್ಮೇ. ಸುಡುಬಿಸಿಲಲ್ಲಿ ಒರೆಸಬೇಡಿ, ನೀರು ಆರಿ ಮತ್ತೆ ಕಲೆ.

ಇನ್ನು ಮ್ಯಾಗ್ನೆಟ್. ಕೇಳುಗರು ಹೆಚ್ಚು ಕೇಳಿದ್ದು ಇದನ್ನೇ. ಎರಡು ತುಂಡು, ಒಂದು ಗಾಜಿನ ಒಳಗೆ, ಒಂದು ಹೊರಗೆ, ಒಳಗಿನದು ಓಡಿದ ಕಡೆ ಹೊರಗಿನದೂ ಓಡುತ್ತೆ. ಗಾಜಿನ ದಪ್ಪಕ್ಕೆ ಹೊಂದಿಕೆ ಆಗಬೇಕು. ಶಕ್ತಿ ಕಮ್ಮಿಯಾದರೆ ಹೊರಗಿನ ತುಂಡು ಬೀಳುತ್ತೆ, ಜಾಸ್ತಿಯಾದರೆ ಬಿಡಿಸೋಕೇ ಆಗಲ್ಲ. ದಪ್ಪ ಎಷ್ಟು ಅಂತ ಪೆಟ್ಟಿಗೆ ಮೇಲೆ ಮಿಲಿಮೀಟರ್‌ನಲ್ಲಿ ಬರೆದಿರುತ್ತೆ. ಬಾಲ್ಕನಿಯ ಗಾಜಿನ ರೇಲಿಂಗ್ ಕಿಟಕಿ ಗಾಜಿಗಿಂತ ತುಂಬ ದಪ್ಪ, ಕಿಟಕಿಗೆ ತಂದಿದ್ದನ್ನ ಅಲ್ಲಿ ಬಳಸಬೇಡಿ. ಅದರ ಜೊತೆ ಬರೋ ದಾರ ಅಲಂಕಾರಕ್ಕಲ್ಲ. ಮೊದಲು ದಾರವನ್ನ ಒಳಗೆ ಗಟ್ಟಿ ಜಾಗಕ್ಕೆ ಕಟ್ಟಿ, ಆಮೇಲೆ ತುಂಡನ್ನ ಹೊರಗೆ ಇಡಿ. ಗ್ರಿಲ್ ಒಳಗಿದ್ದು ಗಾಜಿಗೆ ಅಂಟಿಕೊಂಡ ಹಾಗಿದ್ದರೆ ಒಳತುಂಡು ಸರಿಯೋಕೆ ಜಾಗ ಇರಲ್ಲ, ದುಡ್ಡು ದಂಡ.

ರೋಬೋ? ಗ್ರಿಲ್ ಇರೋ ಮನೆಗೆ ಬೇಡ. ಸಂದಿಯಲ್ಲಿ ತೂರಲ್ಲ. ಗಾಜಿಗೆ ಅದು ಹಿಡ್ಕೊಳ್ಳೋದು ಗಾಳಿ ಎಳೆದು, ಅದಕ್ಕೆ ಕರೆಂಟ್ ಬೇಕು. ನಮ್ಮ ಏರಿಯಾದ ಕರೆಂಟ್ ನಂಬಿ ಅದನ್ನ ನಾಲ್ಕನೇ ಮಹಡಿಯಲ್ಲಿ ಹೊರಗೆ ಬಿಡೋ ಧೈರ್ಯ ನನಗಿಲ್ಲ.

ಉದ್ದ ಕೋಲೇ ಬೇಕು ಅನ್ನೋವ್ರಿಗೆ ಒಂದು ಮಾತು. ಮಾರ್ಕೆಟಲ್ಲಿ ಸಿಗೋ ಟೆಲಿಸ್ಕೋಪ್ ಕೋಲುಗಳಲ್ಲಿ ಎಷ್ಟೋ ಅಲ್ಯೂಮಿನಿಯಂ. ಹಳೇ ಬಡಾವಣೆಗಳಲ್ಲಿ ಬಾಲ್ಕನಿ ಮುಂದೇನೇ ಕರೆಂಟ್ ತಂತಿ ಹೋಗಿರುತ್ತೆ. ಅಲ್ಲಿ ಫೈಬರ್ ಕೋಲಾದರೂ ಒದ್ದೆ ಇದ್ದಾಗ ಸುರಕ್ಷಿತ ಅಲ್ಲ. ತಂತಿ ಹತ್ತಿರ ಇದ್ದರೆ ಆ ಕಡೆ ಕೋಲು ಚಾಚಲೇಬೇಡಿ. ಹಾಗೇ ಪಾರಿವಾಳದ ನೆಟ್ ಕಟ್ಟಿದೆ, ಬಿದ್ದರೆ ಹಿಡಿಯುತ್ತೆ ಅಂತ ಬಗ್ಗೋವ್ರಿದ್ದಾರೆ. ಅದು ಹಕ್ಕಿ ತಡೆಯೋಕೆ ಕಟ್ಟಿದ್ದು.

ಇಷ್ಟೆಲ್ಲ ಆದ ಮೇಲೂ ಕೈಗೆ ಸಿಗದ ಗಾಜು ಇರುತ್ತೆ. ಅಲುಗಾಡದ ಫಿಕ್ಸೆಡ್ ಗಾಜು, ಮೆಟ್ಟಿಲ ಕಡೆಯದು. ಅದಕ್ಕೆ ಅಸೋಸಿಯೇಶನ್ ಮೀಟಿಂಗಲ್ಲಿ ಕೇಳಿ, ಇಡೀ ಕಟ್ಟಡಕ್ಕೆ ವರ್ಷಕ್ಕೊಮ್ಮೆ ಹಗ್ಗದ ಮೇಲೆ ಇಳಿದು ತೊಳೆಯೋ ತಂಡ ಕರೆಸೋಕೆ. ಖರ್ಚು ಹಂಚಿಹೋಗುತ್ತೆ. ಬಂದವರು ಒಬ್ಬೊಬ್ಬರಿಗೂ ಬೇರೆ ಬೇರೆ ಕಡೆ ಕಟ್ಟಿದ ಎರಡು ಹಗ್ಗ ಹಾಕ್ತಾರಾ ನೋಡಿ, ಕೆಲಸಕ್ಕೊಂದು, ಅದು ಕೈಕೊಟ್ಟರೆ ಹಿಡಿಯೋಕೊಂದು. ಒಂದೇ ಹಗ್ಗದಲ್ಲಿ ಇಳಿಯೋರನ್ನ ಕಡಿಮೆ ರೇಟಿಗೆ ಸಿಕ್ಕರು ಅಂತ ಒಪ್ಪಬೇಡಿ.

ಹೊಸ ಕೋಲು ತಂದ ದಿನ ಅಕ್ಕನಿಗೆ ತೋರಿಸಿದೆ, ಸ್ಟೂಲನ್ನ ಅಟ್ಟಕ್ಕೆ ಹಾಕಿದೆ. ಅವರು ಕೋಲು ತಿರುಗಿಸಿ ನೋಡಿ, ಮೇಲಿನ ಮೂಲೆಗೆ ಇದು ಹೋಗಲ್ಲ ಅಂದ್ರು. ನಿಜ, ಹೋಗಲ್ಲ. ಆ ಮೂಲೆ ಇನ್ನೂ ಕೊಳೆಯಾಗೇ ಇದೆ, ಅಂಗೈಯಷ್ಟು ಅಗಲ. ನಿಮ್ಮ ಕಿಟಕಿಯ ಅಳತೆಗಳನ್ನ ವಾಯ್ಸ್ ನೋಟ್‌ನಲ್ಲಿ ಕಳಿಸಿ. ಗ್ರಿಲ್ ಒಳಗೋ ಹೊರಗೋ ಅಂತ ಹೇಳೋದು ಮರೀಬೇಡಿ.