ಎರಡು ಪಟ್ಟು ವೇಗದ ಅಮ್ಮ



ಈ ವಾರ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗನೊಬ್ಬ ಊರಿನಿಂದ ತಾಯಿ ಕಳಿಸಿದ ವಾಯ್ಸ್ ಮೆಸೇಜ್ ಕೇಳುತ್ತಿದ್ದ. ಕದ್ದು ಕೇಳುವ ಆಸೆ ನನಗಿರಲಿಲ್ಲ. ಸ್ಪೀಕರ್ ಹಾಕಿದರೆ ಬಸ್ಸಿಗೆಲ್ಲ ಕೇಳುತ್ತದೆ. ಮಳೆ, ಎಮ್ಮೆ ಕರು, ಅಪ್ಪನ ಮಂಡಿನೋವು ಎಲ್ಲವೂ ಒಂದೇ ಉಸಿರಿಗೆ ಬಂದು ಹೋದವು. ಗಡಿಬಿಡಿ ಆ ತಾಯಿಯದಲ್ಲ. ಹುಡುಗ ವೇಗವನ್ನು ಎರಡು ಪಟ್ಟಿಗೆ ಇಟ್ಟಿದ್ದ. ವಾಟ್ಸ್‌ಆ್ಯಪ್‌ನಲ್ಲಿ 2021ರಲ್ಲಿ ಬಂದ ಸೌಲಭ್ಯ ಇದು. ದನಿ ಕೀರಲಾಗುವುದಿಲ್ಲ, ಅಷ್ಟು ಜಾಣತನದಿಂದ ಮಾಡಿದ್ದಾರೆ.

ಹಿಂದೆ ಅವಸರವೆಲ್ಲ ಮಾತಾಡುವವರದು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದರೆ ಸಿಗುತ್ತಿದ್ದದ್ದು ಮೂರು ನಿಮಿಷ. ಆಮೇಲೆ ಎಸ್‌ಟಿಡಿ ಬೂತ್‌ಗಳು ಬಂದವು. ಮೀಟರಿನ ಕೆಂಪು ಅಂಕಿ ಓಡುವುದನ್ನು ನೋಡುತ್ತ ಮಾತು ಮೊಟಕು ಮಾಡುತ್ತಿದ್ದೆವು. ಆದರೆ ಆ ಕಡೆಯವರು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಈಗ ಮಾತಿಗೆ ಮೀಟರಿಲ್ಲ. ಅವಸರ ಕೇಳುವವರ ಕಡೆಗೆ ದಾಟಿದೆ.

ಈ ಅವಸರದಲ್ಲಿ ಏನು ಕಳೆದುಹೋಗುತ್ತದೆ ಎಂದು ತಿಳಿಯಬೇಕಾದರೆ, ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ವಿಲಂಬಿತ, ಅಂದರೆ ನಿಧಾನಗತಿಯ, ಖಯಾಲನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳಿ ನೋಡಿ. ಏಕತಾಳಕ್ಕೆ 12 ಮಾತ್ರೆ. ತೀರಾ ವಿಲಂಬಿತದಲ್ಲಿ ಒಂದು ಆವರ್ತಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುವುದೂ ಉಂಟು. ವೇಗ ಹೆಚ್ಚಿಸಿದರೆ ಸ್ವರ ಒಂದೂ ತಪ್ಪುವುದಿಲ್ಲ. ತಾಳದ ಮೊದಲ ಮಾತ್ರೆಯಾದ ಸಮಕ್ಕೆ ಬಂದು ಸೇರುವ ತನಕ ನಮ್ಮ ಜೀವ ಕಾಯುತ್ತದಲ್ಲ, ಅದು ಮಾತ್ರ ಇರುವುದಿಲ್ಲ.

ಆ ತಾಯಿಯೂ "ಹಬ್ಬಕ್ಕೆ ಬರ್ತೀಯಾ?" ಎಂದು ಕೇಳಿದ್ದರು. ಹಿಂದೆಯೇ "ಕೆಲಸ ಇದ್ರೆ ಬೇಡ ಬಿಡು" ಅಂದದ್ದೂ ಕೇಳಿಸಿತು. ಎರಡರ ನಡುವೆ ಆಕೆ ಎಷ್ಟು ಹೊತ್ತು ಸುಮ್ಮನಿದ್ದರೋ. ಹೇಳಬೇಕಾದ್ದೆಲ್ಲ ಅಲ್ಲೇ ಇತ್ತೇನೋ.

ಫೋನನ್ನು ದೂರುವುದಿಲ್ಲ. ಅಕ್ಷರ ಒತ್ತಲು ಬಾರದ ಎಷ್ಟೋ ಹಿರಿಯರಿಗೆ ಈ ವಾಯ್ಸ್ ಮೆಸೇಜೇ ಕಾಗದ, ಅದೇ ಪೋಸ್ಟು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ ನಮ್ಮ ಕಡೆ. ಈ ಮಕ್ಕಳ ಬುದ್ಧಿಯೇನೂ ಮಟ್ಟವಲ್ಲ, ಕಿವಿ ಮಟ್ಟವಾಗುತ್ತಿದೆಯಲ್ಲ ಎಂಬುದೇ ನನ್ನ ಸಂಕಟ. ತಾಯಿಯ ಮಾತು ಓಡಿಸಿ ಉಳಿಸಿದ ಹೊತ್ತಿನಲ್ಲಿ ಆ ಹುಡುಗ ಏನು ಮಾಡಿದ ಅಂತೀರಾ? ರೀಲ್ಸ್ ನೋಡಿದ.

ಆಫೀಸಿನ ಗ್ರೂಪಿಗೆ ಬರುವ ಉದ್ದುದ್ದ ಸಂದೇಶಗಳನ್ನು ಬೇಕಾದಷ್ಟು ಓಡಿಸಿ, ನನ್ನ ಅಡ್ಡಿಯಿಲ್ಲ. ಅವುಗಳಿಗೆ ನಾಲ್ಕು ಪಟ್ಟಿನ ಗುಂಡಿ ಬಂದರೂ ಒಳ್ಳೆಯದೇ. ಮನೆಯಿಂದ ಬಂದದ್ದನ್ನು ಮಾತ್ರ ಅವರು ಆಡಿದ ಹಾಗೇ ಕೇಳಿ.