ಆ ಫೈಲಿಗೊಂದು ಹೆಸರಿಡ್ರಿ

ಇದನ್ನ ಕೇಳ್ತಾ ಕೇಳ್ತಾನೇ ಫೋನಿನ ಆಡಿಯೋ ಫೋಲ್ಡರ್ ತೆಗೀರಿ. ‘ಟ್ರ್ಯಾಕ್ 01’ ಅನ್ನೋವು ಎಷ್ಟು ಅದಾವ? ‘ಎಯುಡಿ’ ಅಂತ ಶುರುವಾಗಿ ಮುಂದೆ ಬರೀ ನಂಬರ್ ಇರೋವು ಎಷ್ಟು? ಹೋದ ತಿಂಗಳು ನಾನು ಎಣಿಸಿದೆ. ಒಟ್ಟು 2,300 ಫೈಲ್. ಸರಿಯಾದ ಹೆಸರಿದ್ದವು ಅರ್ಧನೂ ಇಲ್ಲ.

ನಮ್ಮ ಬಳಿಚಕ್ರದ ಹುಡುಗರ ಸಂಗ್ರಹ ಶುರುವಾಗಿದ್ದೇ ಯಾದಗಿರಿಯ ಮೊಬೈಲ್ ಅಂಗಡಿಗಳಿಂದ. ಮೆಮರಿ ಕಾರ್ಡ್ ಕೊಟ್ಟು ‘ಅಣ್ಣಾ, ಹಾಡು ತುಂಬು’ ಅಂದ್ರ ಮುಗೀತು. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕ ಸುಮಾರು 1 ಎಂಬಿ. 4 ಜಿಬಿ ಕಾರ್ಡಿನಾಗ ಐದು ನಿಮಿಷದ ಹಾಡು ಏಳುನೂರರ ಮೇಲೆ ಹಿಡೀತಿದ್ದವು. ಹಾಡಿದವರ ಹೆಸರಿರಬೇಕಾದ ಜಾಗದಾಗ ಯಾವುದೋ ವೆಬ್‌ಸೈಟಿನ ಹೆಸರು!

ಆ ಜಾಗಕ್ಕ ಟ್ಯಾಗ್ ಅಂತಾರ. ಫೈಲಿನ ಒಳಗೇ ಇರ್ತದ. 1996ರಾಗ ಬಂದ ಮೊದಲ ಐಡಿ3 ಟ್ಯಾಗ್‌ನಾಗ ಹಾಡಿನ ಹೆಸರಿಗೆ 30 ಅಕ್ಷರದ ಜಾಗ, ಅದೂ ಇಂಗ್ಲಿಷ್ ಲಿಪಿಗೆ. ಕನ್ನಡ ಬರೆದರೆ ಡಬ್ಬಿ ಡಬ್ಬಿ ಕಾಣ್ತಿತ್ತು. ಈಗಿನ ಟ್ಯಾಗ್‌ಗಳು ಕನ್ನಡ ತಗೋತಾವ, ಬರೆಯೋರು ಬೇಕಷ್ಟೇ.

ನನ್ನ ಫೋನಿನಾಗ ರಾಜಕುಮಾರ್ ನಾಲ್ಕು ಮಂದಿ ಇದ್ರು: ‘ರಾಜಕುಮಾರ್’, ‘ಡಾ. ರಾಜ್’, ‘ರಾಜ್ ಕುಮಾರ್’, ‘ಅಣ್ಣಾವ್ರು’. ಬಿ.ಕಾಂ. ಓದಿದವನಿಗೆ ಇದು ಒಂದೇ ಪಾರ್ಟಿಗೆ ನಾಲ್ಕು ಖಾತೆ ತೆಗೆದಂಗ. ಅದನ್ನ ಒಂದು ಮಾಡಿದ ಮೇಲೆ ಇನ್ನೊಂದು ತೊಡಕು. 1974ರ ‘ಸಂಪತ್ತಿಗೆ ಸವಾಲ್’ ತನಕ ಅವರಿಗೆ ಹೆಚ್ಚಾಗಿ ದನಿ ಕೊಟ್ಟವರು ಪಿ.ಬಿ. ಶ್ರೀನಿವಾಸ್. ನಾವು ಅವನ್ನೂ ರಾಜಕುಮಾರ್ ಹಾಡು ಅಂತೀವಿ! ಹಾಡಿದವರ ಜಾಗದಾಗ ಹಾಡಿದವರನ್ನೇ ಬರೀರಿ. ‘ಅಣ್ಣಾವ್ರ ಸಿನಿಮಾ’ ಅಂತ ಪ್ಲೇಲಿಸ್ಟ್ ಬೇರೆ ಮಾಡ್ಕೋರಿ.

ವಚನ, ತತ್ವಪದ, ದಾಸರ ಪದಗಳ ಫೋಲ್ಡರಿಗೆ ಬಂದಾಗ ನನಗ ನಗು ಬಂತು. ಹಿರಿಯರು ಟ್ಯಾಗನ್ನ ಹಾಡಿನೊಳಗೇ ಇಟ್ಟು ಹೋಗ್ಯಾರಲ್ಲ! ಕೊನೆ ಸಾಲು ಕೇಳಿದ್ರ ಸಾಕು. ಕೂಡಲಸಂಗಮದೇವ ಅಂದ್ರ ಬಸವಣ್ಣ, ಶಿಶುನಾಳಾಧೀಶ ಅಂದ್ರ ಷರೀಫರು, ಪುರಂದರ ವಿಠಲ ಅಂದ್ರ ಪುರಂದರದಾಸರು. ಹೆಸರಿಲ್ಲದ ಅರವತ್ತು ಫೈಲು ಒಂದೇ ರಾತ್ರಿಗೆ ಜಾಗಕ್ಕ ಬಂದ್ವು. ಆದ್ರ ಅಂಕಿತ ಹೇಳೋದು ಬರೆದವರನ್ನ. ಹಾಡಿದವರು ಬಸವರಾಜ ರಾಜಗುರುವೋ, ಸಿದ್ಧರಾಮ ಜಂಬಲದಿನ್ನಿಯೋ, ಅದನ್ನ ಕಿವಿಯೇ ಹೇಳಬೇಕು.

ಪ್ಲೇಲಿಸ್ಟ್ ಅಂದ್ರ ಹಾಡಲ್ಲ, ವಿಳಾಸದ ಚೀಟಿ. ಫೈಲ್ ಬೇರೆ ಫೋಲ್ಡರಿಗೆ ಹೋದ್ರ ಚೀಟಿ ಖಾಲಿ ಮನೆ ತೋರಿಸ್ತದ. ಸ್ಟ್ರೀಮಿಂಗ್ ಆ್ಯಪ್‌ನಾಗೂ ಕಂಪನಿ ಹಾಡು ತೆಗೆದ್ರ ನಿಮ್ಮ ಪಟ್ಟಿಯೊಳಗ ಹೆಸರು ಮಸುಕಾಗಿ ಕೂತಿರ್ತದ. ಅದಕ್ಕ ಮೊದಲು ಫೈಲು, ಆಮೇಲೆ ಹೆಸರು, ಕಡೀಗೆ ಪ್ಲೇಲಿಸ್ಟ್. ನನ್ನವು ‘ಮೊಹರಂ’, ‘ಮೈಲಾಪುರ ಜಾತ್ರಿ’, ‘ಸೋಬಾನ’, ‘ಬಸ್ಸು’. ‘ಮೆಲೋಡಿ’ ಅಂತ ಒಂದಿತ್ತು, ಅಳಿಸಿದೆ. ಅದರಾಗ ಏನಿತ್ತು ಅಂತ ನನಗೇ ಗೊತ್ತಿರಲಿಲ್ಲ.

ಇಷ್ಟೆಲ್ಲ ಯಾಕ ಕೂತು ಮಾಡಿದೆ ಅಂದ್ರ, ನಮ್ಮ ಆಯಿ. ಅಪ್ಪನ ಅವ್ವ. ಆಕಿ ಹಾಡಿದ್ದನ್ನ ಕಾಕಾ ಫೋನಿನಾಗ ಹಿಡಿದು ವಾಟ್ಸಾಪ್‌ಗೆ ಹಾಕ್ತಿದ್ದ. ಹನ್ನೊಂದು ಇದ್ದವು. ಜಾಗ ಸಾಲದು ಅಂತ ಒಂದಿನ ನಾನೇ ಚಾಟ್ ಕ್ಲಿಯರ್ ಮಾಡಿದೆ. ಕಾಕಾನ ಹಳೇ ಫೋನೂ ಆಗಲೇ ಹೋಗಿತ್ತು. ಆಯಿ 2021ರಾಗ ತೀರಿಕೊಂಡಳು. ಈಗ ಉಳಿದಿದ್ದು ಮೂರೇ, ಅವೂ ಅಕ್ಕನ ಫೋನಿನಾಗ ಸಿಕ್ಕವು.

ಒಂದರ ಹೆಸರು ಎಯುಡಿ-20190117. ಆ ನಂಬರೇ ತಾರೀಖು: 2019ರ ಜನವರಿ 17, ಸಂಕ್ರಮಣದ ವಾರ. ಬೀಸುವ ಪದ. ಅದಕ್ಕ ಅಂಕಿತ ಎಲ್ಲಿಂದ ಬರಬೇಕು? ಎರಡನೇ ನುಡಿಗೆ ಇನ್ನೊಂದು ದನಿ ಕೂಡ್ತದ, ಆಯಿಗಿಂತ ಸಣ್ಣದು. ಕಾಕಾಗ ಯಾರಂತ ನೆನಪಿಲ್ಲ. ಅವ್ವ ಮೂರು ಸಲ ಕೇಳಿ ‘ಗುರುತಿನ ದನಿನೇ ಅದ, ಹೆಸರು ಬಾಯಿಗೆ ಬರವಲ್ದು’ ಅಂದಳು.

ಸದ್ಯಕ್ಕ ಹಾಡಿದವರ ಜಾಗದಾಗ ‘ಆಯಿ, ಮತ್ತೊಬ್ಬರು’ ಅಂತ ಬರೆದೀನಿ. ಮೂರನ್ನೂ ಎರಡು ಕಡೆ ಕಾಪಿ ಇಟ್ಟೀನಿ. ಭಾನುವಾರ ಊರಿಗೆ ಹೊಂಟೀನಿ, ಸಣ್ಣ ಸ್ಪೀಕರ್ ತಗೊಂಡು. ಆಯಿ ಓಣ್ಯಾಗ ಆಕಿ ವಾರಿಗೆಯವರು ಇನ್ನಾ ಇಬ್ಬರು ಅದಾರ.