ಮರಳಿ ಬಂದ ಮಗುವಿನ ಮೊದಲ ಪಾಠ



ವಿದ್ಯಾಭ್ಯಾಸದ ಶ್ರೇಯಸ್ಸನ್ನು ಮನಸ್ಸಿನಲ್ಲಿರಿಸಿಕೊಂಡು ಈ ಉಪನ್ಯಾಸದ ದತ್ತಿಯನ್ನು ನೆಲೆಗೊಳಿಸಿದ ಹಿರಿಯರ ಆಶಯಕ್ಕೆ ಅನುಗುಣವಾಗಿ ಯಾವ ವಿಷಯವನ್ನು ಆರಿಸಿಕೊಳ್ಳಬಹುದೆಂದು ಆಲೋಚಿಸಿದಾಗ, ಶಾಲೆಯ ಮೆಟ್ಟಿಲನ್ನೇ ಹತ್ತದ ಮಗುವನ್ನು ಕುರಿತು ಬಹುಕಾಲದಿಂದ ಚಿಂತಿಸಿರುವ ನಾವು, ನಡುವೆ ಶಾಲೆಯನ್ನು ಬಿಟ್ಟು ಬಹುದಿನಗಳ ಮೇಲೆ ಅದೇ ಮೆಟ್ಟಿಲ ಬಳಿ ಅಂಜುತ್ತ ಬಂದು ನಿಂತ ಮಗುವನ್ನು ಕುರಿತು ಅಷ್ಟಾಗಿ ಚಿಂತಿಸಿಲ್ಲವೆಂಬುದು ನನ್ನ ಮನಸ್ಸಿಗೆ ಬಂದಿತು.

ಈ ಶತಮಾನದಲ್ಲಿ ನಾಡಿನ ಮಕ್ಕಳೆಲ್ಲರೂ ಏಕಕಾಲಕ್ಕೆ ಇಂಥ ಸ್ಥಿತಿಗೆ ಒಳಗಾದ ಸಂದರ್ಭವೊಂದು ಒದಗಿತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಮಹಾಮಾರಿಯ ಭೀತಿಯಿಂದ ಮುಚ್ಚಿದ ಶಾಲೆಗಳು ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದನೆಯ ತರಗತಿಯಲ್ಲಿ ಅಕ್ಷರಗಳನ್ನು ತಿದ್ದುತ್ತಿದ್ದಾಗ ಮನೆಗೆ ಹೋದ ಮಗು ಮರಳಿ ಬಂದು ಕುಳಿತದ್ದು ಮೂರನೆಯ ತರಗತಿಯ ಮಣೆಯ ಮೇಲೆ. ನಡುವೆ ವಿದ್ಯಾಗಮವೆಂಬ ಹೆಸರಿನಲ್ಲಿ ಉಪಾಧ್ಯಾಯರು ಮಕ್ಕಳಿದ್ದೆಡೆಗೇ ಹೋಗಿ ಗುಡಿಯ ಜಗಲಿಯಲ್ಲಿಯೂ ಮರದ ನೆರಳಿನಲ್ಲಿಯೂ ಪಾಠ ಹೇಳಿದರು. ಅದೂ ಕೆಲಕಾಲ ನಿಂತುಹೋಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಗಣಿತದಲ್ಲಿ ಹಾಗೆ ಕಳೆದುಕೊಂಡವರು ನೂರಕ್ಕೆ 82. ಕಲಿಯದೆ ಉಳಿದ ಪಾಠದ ನಷ್ಟವನ್ನು ಎಲ್ಲರೂ ಊಹಿಸಬಲ್ಲರು. ಆದರೆ ಕಲಿತದ್ದೂ ಕೈಬಿಟ್ಟುಹೋಗುವುದೆಂಬುದನ್ನು ಈ ಅಂಕೆಗಳು ತೋರಿಸಿಕೊಟ್ಟವು.

ಈ ಎರಡನೆಯ ನಷ್ಟವೇ ಮಗುವಿನ ಧೈರ್ಯವನ್ನು ಉಡುಗಿಸತಕ್ಕದ್ದು. ಎಂದೂ ಅರಿಯದ ವಿಷಯವನ್ನು ಅರಿಯೆನೆಂದು ಹೇಳಲು ಮಗು ನಾಚುವುದಿಲ್ಲ. ಒಮ್ಮೆ ತಾನೇ ಸರಾಗವಾಗಿ ಓದುತ್ತಿದ್ದ ಸಾಲಿನ ಮುಂದೆ ಈಗ ತಡವರಿಸಿ ನಿಲ್ಲಬೇಕಾಗಿ ಬಂದಾಗ, ಅದೂ ಮೂವತ್ತು ಜೊತೆಗಾರರ ಕಣ್ಣೆದುರಿಗೆ ಬಂದಾಗ, ಅದು ಕುಗ್ಗುತ್ತದೆ. ಹಾಜರಿ ಹಾಕುವಾಗ ‘ಇಷ್ಟು ದಿನ ಎಲ್ಲಿ ಹೋಗಿದ್ದೆ?’ ಎಂದು ಕೇಳುವ ಉಪಾಧ್ಯಾಯರಿಗೆ ಕೇಡಿನ ಉದ್ದೇಶವಿರಲಾರದು. ಆದರೂ ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಮಗುವಿನದಲ್ಲ. ತಂದೆತಾಯಿಗಳ ಬಡತನಕ್ಕೆ, ಮನೆಯ ಕಾಯಿಲೆಗೆ, ಕೆರೆ ಒಡೆದು ಊರು ಬಿಟ್ಟದ್ದಕ್ಕೆ ಎಂಟು ವರ್ಷದ ಬಾಲಕಿಯಿಂದ ಸಮಜಾಯಿಷಿಯನ್ನು ನಿರೀಕ್ಷಿಸಬಾರದು. ‘ಬಂದೆಯಾ ತಾಯಿ, ಕುಳಿತುಕೊ’ ಎಂಬಷ್ಟೇ ಮಾತು ಆ ದಿನಕ್ಕೆ ಸಾಕು.

‘ಹೆದರಬೇಡ, ನಿನಗೆಲ್ಲ ಬರುತ್ತದೆ’ ಎಂದು ಬೆನ್ನು ತಟ್ಟುವವರು ಅನೇಕರಿದ್ದಾರೆ. ಅವರ ವಾತ್ಸಲ್ಯವನ್ನು ನಾನು ಗೌರವಿಸುತ್ತೇನೆ. ಆದರೆ ಮಾತಿನಿಂದ ಬಂದ ಧೈರ್ಯ ಮೊದಲನೆಯ ಒತ್ತಕ್ಷರದ ಬಳಿ ಮುರಿದುಬೀಳುತ್ತದೆಂಬುದನ್ನೂ ಹೇಳಲೇಬೇಕಾಗಿದೆ. ತಾನು ಮಾಡಬಲ್ಲೆನೆಂಬುದನ್ನು ಮಗು ತಾನೇ ಮಾಡಿ ಕಾಣಬೇಕು. ಆದಕಾರಣ, ಮಗು ಎಲ್ಲಿ ನಿಂತಿದೆಯೆಂಬುದನ್ನು ಏಕಾಂತದಲ್ಲಿ, ಪರೀಕ್ಷೆಯೆಂಬ ಹೆಸರೆತ್ತದೆ, ಕಂಡುಕೊಳ್ಳುವುದು ಉಪಾಧ್ಯಾಯರ ಪ್ರಥಮ ಕರ್ತವ್ಯ. ಐದನೆಯ ತರಗತಿಯ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲವೆಂದರೆ ಏನನ್ನೂ ಹೇಳಿದಂತಾಗಲಿಲ್ಲ. ಮೂಲಾಕ್ಷರಗಳೆಲ್ಲವೂ ಅವನಿಗೆ ಗೊತ್ತಿದ್ದು, ಕಾಗುಣಿತದಲ್ಲಿ ಕೊಂಬು ದೀರ್ಘಗಳು ಮಾತ್ರ ಕಲೆತುಹೋಗಿರಬಹುದು. ‘ಅಮ್ಮ’, ‘ಅಕ್ಕ’ಗಳಂಥ ಸಜಾತೀಯ ಒತ್ತುಗಳನ್ನು ನಿರಾಯಾಸವಾಗಿ ಓದಿ, ‘ರಾಷ್ಟ್ರ’ವೆಂಬಲ್ಲಿ ಒಂದರ ಕೆಳಗೊಂದು ಬಂದ ವಿಜಾತೀಯ ಒತ್ತುಗಳನ್ನು ಕಂಡು ನಿಲ್ಲುತ್ತಿರಬಹುದು. ಲೆಕ್ಕದಲ್ಲಿಯೂ ಹೀಗೆಯೇ: ಸಂತೆಯಲ್ಲಿ ಚಿಲ್ಲರೆಯನ್ನು ತಪ್ಪಿಲ್ಲದೆ ಎಣಿಸಿ ಹಿಂದಿರುಗಿಸುವ ಬಾಲಕನಿಗೆ ಹಲಗೆಯ ಮೇಲಿನ ದಶಕಸಹಿತ ವ್ಯವಕಲನ ಬಾರದಿರುವುದುಂಟು. ತೊಡಕನ್ನು ಇಷ್ಟು ಸೂಕ್ಷ್ಮವಾಗಿ ಗುರುತಿಸಿದೊಡನೆ ಬೆಟ್ಟದಂತೆ ತೋರುತ್ತಿದ್ದ ಕೆಲಸ ಹಿಡಿತಕ್ಕೆ ಬರುತ್ತದೆ. ತನಗೆ ಎಷ್ಟೊಂದು ತಿಳಿದಿದೆಯೆಂಬುದು ಮಗುವಿಗೂ ಆಗಲೇ ಗೋಚರವಾಗುತ್ತದೆ. ಅದುವರೆಗೆ ಸರದಿಯ ಪ್ರಕಾರ ಎದ್ದುನಿಂತು ಗಟ್ಟಿಯಾಗಿ ಓದಬೇಕೆಂಬ ಕಟ್ಟಳೆಯಿಂದ ಅದಕ್ಕೆ ವಿನಾಯಿತಿ ಇರಲಿ.

ಮಗು ನಿಂತೆಡೆಯಿಂದಲೇ ಕಲಿಸುವ ಈ ತತ್ತ್ವ ನಮ್ಮ ನಾಡಿಗೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮಶಾಲೆಗಳ ಪದ್ಧತಿಯನ್ನು ನೋಡಿ ಬಂದ ನಮ್ಮ ಉಪಾಧ್ಯಾಯರು ಆರಂಭಿಸಿದ ನಲಿ ಕಲಿಯಲ್ಲಿ, ಪಾಠಗಳನ್ನು ಸಣ್ಣ ಸಣ್ಣ ಮೈಲಿಗಲ್ಲುಗಳಾಗಿ ವಿಂಗಡಿಸಿ, ಅವನ್ನು ಕಲಿಕೆಯ ಏಣಿಯಲ್ಲಿ ಕ್ರಮವಾಗಿ ಜೋಡಿಸಿ, ಪ್ರತಿಯೊಂದು ಮಗುವೂ ತನ್ನ ಗತಿಯಲ್ಲಿ ಏರುವಂತೆ ಮಾಡಿದರು. ಈ ಪದ್ಧತಿಯ ಉಲ್ಲಾಸವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ನನ್ನ ದೃಷ್ಟಿಯಲ್ಲಿ ಅದರ ಪರಮಗುಣ ಬೇರೊಂದಿದೆ. ಹಲವು ವಾರ ಬಾರದೆ ಹೋದ ಮಗು ಮರಳಿದಾಗ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಲು ಅಲ್ಲಿ ಅವಕಾಶವಿತ್ತು. ತರಗತಿಯು ತನ್ನನ್ನು ಬಿಟ್ಟು ಮುಂದೆ ಹೋಯಿತೆಂಬ ಭಾವನೆಗೆ ಎಡೆಯಿರಲಿಲ್ಲ. ಮೇಲಿನ ತರಗತಿಗಳಿಗೆ ಈ ಔದಾರ್ಯ ಏರಲಿಲ್ಲವೆಂಬುದು ನನ್ನ ವ್ಯಥೆ. 2022–23ನೆಯ ಸಾಲನ್ನು ಕಲಿಕಾ ಚೇತರಿಕೆಯ ವರ್ಷವೆಂದು ಸರ್ಕಾರ ಸಾರಿ, ಹಿಂದಿನ ತರಗತಿಗಳ ಮೂಲಪಾಠಗಳಿಗೂ ಸ್ಥಾನ ಕೊಟ್ಟದ್ದು ಸ್ತುತ್ಯವಾದ ಕಾರ್ಯ. ಆದರೆ ಚೇತರಿಕೆ ಒಂದು ವರ್ಷದ ಕಾರ್ಯಕ್ರಮವಾಗಿ ಮುಗಿಯತಕ್ಕದ್ದಲ್ಲ. ಪ್ರತಿವರ್ಷವೂ ಪ್ರತಿ ಶಾಲೆಗೂ ಯಾವುದೋ ಒಂದು ಮಗು ಹೀಗೆ ಮರಳಿ ಬರುತ್ತಲೇ ಇರುತ್ತದೆ.

ಹಿಂದುಳಿದ ಮಗುವನ್ನು ಕೆಳಗಿನ ತರಗತಿಯಲ್ಲಿ ಚಿಕ್ಕವರೊಡನೆ ಕೂರಿಸಬಾರದೇಕೆಂದು ಕೇಳುವವರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ನಾಲ್ಕನೆಯ ಪ್ರಕರಣ ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟಿದೆ: ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ. ಇದರ ಪೂರ್ವಾರ್ಧವನ್ನು ಪಾಲಿಸಿ ಉತ್ತರಾರ್ಧವನ್ನು ಮರೆತ ಶಾಲೆ ಮಗುವನ್ನು ಕೊನೆಯ ಸಾಲಿನಲ್ಲಿ ಮೌನವಾಗಿ ಕೂರಿಸುತ್ತದೆ. ದೀರ್ಘ ಚಿಕಿತ್ಸೆಯಿಂದ ಎದ್ದು ಬಂದ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ: ಕಾಯಿಲೆಯನ್ನು ಕುರಿತು ಜೊತೆಗಾರರಿಗೆ ಏನನ್ನು ಹೇಳಬಹುದೆಂಬುದನ್ನು ಮೊದಲೇ ಆ ಮಗುವನ್ನೂ ಮನೆಯವರನ್ನೂ ಕೇಳಿ ತಿಳಿಯಬೇಕು.

ಇನ್ನು ಗುಳೆ ಹೋಗುವವರ ಮಕ್ಕಳು. ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಗಳಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಸಂಸಾರಸಮೇತ ಹೊರಡುವವರ ಮಕ್ಕಳಿಗೆ ಈ ವಿಚ್ಛೇದ ಎಂದೋ ಒಮ್ಮೆ ಬಂದು ಹೋಗುವ ಆಪತ್ತಲ್ಲ, ವರ್ಷವರ್ಷದ ವಾಡಿಕೆ. ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಸರ್ಕಾರಿ ಶಾಲೆಯೂ ಅವರನ್ನು ಸೇರಿಸಿಕೊಳ್ಳದೆ ಇರುವಂತಿಲ್ಲವೆಂದು ಅದೇ ಕಾಯಿದೆ ಹೇಳುತ್ತದೆ. ಇದನ್ನು ತಂದೆತಾಯಿಗಳಿಗೆ ಊರು ಬಿಡುವ ಮುನ್ನವೇ ತಿಳಿಸಬೇಕು. ಅದರೊಡನೆ ಊರಿನ ಉಪಾಧ್ಯಾಯರು ಒಂದು ಸಣ್ಣ ಪುಸ್ತಕದಲ್ಲಿ, ಈ ಮಗು ಓದಿನಲ್ಲಿ ಇಲ್ಲಿಯವರೆಗೆ ಬಂದಿದೆ, ಲೆಕ್ಕದಲ್ಲಿ ಇದನ್ನು ಬಲ್ಲದು, ಇಂಥ ಕಡೆ ತೊಡಕಿದೆ ಎಂದು ಬರೆದು, ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಟ್ಟು, ಇನ್ನೊಂದನ್ನು ಶಾಲೆಯಲ್ಲಿ ಇರಿಸಿಕೊಳ್ಳಲಿ. ಮಗು ಮರಳಿದ ದಿನ ಆ ಪುಟವನ್ನು ತೆರೆದು, ಅಲ್ಲಿಂದ ಒಂದೆರಡು ಪಾಠ ಹಿಂದಕ್ಕೆ ಸರಿದು, ಅದು ಖಂಡಿತವಾಗಿ ಓದಬಲ್ಲ ಪುಟದಿಂದ ಅಂದೇ ಪಾಠವನ್ನು ಆರಂಭಿಸಲಿ.